ನೀವೇ ಕೇಳಿದ ಪರೀಕ್ಷೆ

ಹಲಗೂರು
11 ಜೂನ್ 2023

ದೀಪು,

ನಿನ್ನ ನಂಬರಿಗೆ ಫೋನ್ ಮಾಡಿದರೆ ಒಂದೇ ರಿಂಗಿಗೆ ಕಟ್ಟಾಗುತ್ತದೆ. ಅದಕ್ಕೆ ನಿಮ್ಮ ವಿಮಾ ಕಂಪನಿಯ ಮಂಡ್ಯ ಆಫೀಸಿನ ವಿಳಾಸಕ್ಕೆ ಈ ಕಾಗದ. ಹರಿದು ಹಾಕುವುದಿದ್ದರೂ ಪೂರ್ತಿ ಓದಿ ಹರಿ. ನಿನ್ನ ಮದುವೆಗೆ ನನ್ನನ್ನು ಕರೆಯದ ವಿಷಯ ನಾನು ಎತ್ತುವುದಿಲ್ಲ. ನೀನೂ ಎತ್ತಬೇಡ.

ನನ್ನ ತಮ್ಮ ಪ್ರೀತಂ ನೆನಪಿದ್ದಾನಾ? ನಾವಿಬ್ಬರೂ ನಿಮ್ಮ ಜಗಲಿಯಲ್ಲಿ ಕೂತು ಓದುತ್ತಿದ್ದಾಗ ಸಾಯಂಕಾಲ ಸೈಕಲ್ ತಂದು ಗೇಟಿನ ಆಚೆ ನಿಂತಿರುತ್ತಿದ್ದ, ನನ್ನನ್ನು ಹೊಳಲಿಗೆ ಕರೆದುಕೊಂಡು ಹೋಗುವುದಕ್ಕೆ. ಮಳೆ ಬಂದರೂ ಒಳಗೆ ಬಂದವನಲ್ಲ. ಅವನನ್ನು ಯಾರೂ ಕರೆದಿರಲೂ ಇಲ್ಲ ಬಿಡು. ಈಗ ಮದ್ದೂರಿನ ಒಂದು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಮದುವೆಯಾಗಿದೆ, ಹೆಂಡತಿ ಸ್ಪಂದನಾ. ಹೋದ ತಿಂಗಳು ಅವನ ಕತ್ತಿನಲ್ಲಿದ್ದ ಗಂಟು ಕ್ಯಾನ್ಸರ್ ಅಂತ ಗೊತ್ತಾಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇವೆ. ಡಾಕ್ಟರ್ ಮಧುಕರ ಧೈರ್ಯ ಹೇಳಿದರು. "ಈ ಥರದ್ದಕ್ಕೆ ಒಳ್ಳೇ ಔಷಧ ಇದೆ ಕಣಮ್ಮ, ಮುಕ್ಕಾಲು ಪಾಲು ಜನ ಎದ್ದು ಓಡಾಡ್ತಾರೆ" ಅಂದರು. ನನ್ನ ಚಿಂತೆಯೆಲ್ಲ ಉಳಿದ ಕಾಲು ಪಾಲಿನದು. ಆಸ್ಪತ್ರೆಯ ಮೊಗಸಾಲೆಯಲ್ಲಿ ಒಂದು ಲ್ಯಾಬಿನವನು ಸಿಕ್ಕಿದ. ಗಂಟಿನ ಚೂರನ್ನು ಅವರು ತಮ್ಮ ಲ್ಯಾಬಿನಲ್ಲಿ ಜೀವಂತವಾಗಿಟ್ಟು, ಅದರ ಮೇಲೆ ಒಂದೊಂದೇ ಔಷಧ ಸುರಿದು ನೋಡುತ್ತಾರಂತೆ. ಯಾವುದಕ್ಕೆ ಅದು ಸಾಯುತ್ತದೋ ಅದೇ ನನ್ನ ತಮ್ಮನ ಔಷಧ. ಎಷ್ಟು ಸರಳ ಅಲ್ಲವಾ? ಡಾಕ್ಟರು ಬೇಡ ಅಂದರು, ನಾನು ಬಿಡಲಿಲ್ಲ. ಅವನ ಫ್ಯಾಕ್ಟರಿಯ ವಿಮೆ ನಿಮ್ಮ ಕಂಪನಿಯದೇ. ಆದರೆ ಪರೀಕ್ಷೆಯ ಖರ್ಚು ಕೇಳಿ ಬರೆದರೆ ನಿಮ್ಮಿಂದ ಒಂದೇ ಸಾಲು ಬಂತು: "ಸಾಬೀತಾಗದ ಪ್ರಯೋಗಾಲಯ ಪರೀಕ್ಷೆ, ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ."

ಕ್ಲೇಮುಗಳನ್ನು ನೋಡುವ ವಿಭಾಗದಲ್ಲೇ ನೀನಿದ್ದೀಯ ಅಂತ ಕೇಳಿದೆ. ನನಗಾಗಿ ಬೇಡ. ಗೇಟಿನ ಆಚೆ ನಿಂತಿರುತ್ತಿದ್ದವನಿಗಾಗಿ ಏನಾದರೂ ಮಾಡು.

ಒಂದು ಕಾಲದ ನಿನ್ನ ಗೆಳತಿ,
ಆಶಾರಾಣಿ


ಮಂಡ್ಯ
26 ಜೂನ್ 2023

ಆಶಾ,

ನಿನ್ನ ಅಕ್ಷರ ನೋಡಿ ಕವರ್ ಒಡೆಯುವ ಮುಂಚೆಯೇ ಗುರುತು ಸಿಕ್ಕಿತು. ನಾನು ಬ್ಲಾಕ್ ಮಾಡಿಲ್ಲ, ನಂಬರ್ ಬದಲಾಗಿದೆ.

ಪ್ರೀತಂ ವಿಷಯ ಕೇಳಿ ಬೇಜಾರಾಯಿತು. ನಿನಗೆ ಸುಳ್ಳು ಹೇಳುವುದಿಲ್ಲ, ಆ ಪರೀಕ್ಷೆಯನ್ನು ನಾವು ಯಾರಿಗೂ ಕೊಡುವುದಿಲ್ಲ. ನಮ್ಮ ಕಂಪನಿಯ ಡಾಕ್ಟರುಗಳೇ ಅದನ್ನು ನಾಣ್ಯ ಚಿಮ್ಮಿದ ಹಾಗೆ ಅನ್ನುತ್ತಾರೆ. ಗಾಜಿನ ತಟ್ಟೆಯಲ್ಲಿ ಸತ್ತದ್ದು ಮೈಯೊಳಗೆ ಸಾಯಬೇಕು ಅಂತಿಲ್ಲ, ತಟ್ಟೆಯಲ್ಲಿ ಬದುಕಿದ್ದು ಮೈಯೊಳಗೂ ಬದುಕಬೇಕು ಅಂತಿಲ್ಲ. ನಿಮ್ಮ ಡಾಕ್ಟರು ಹೇಳಿದ ಹಾಗೆ ಕೇಳಿದರೆ ಸಾಕಾಗಿತ್ತು.

ಆದರೆ ನೀನು ಹಿಡಿದದ್ದು ಬಿಡುವವಳಲ್ಲ, ನನಗೆ ಗೊತ್ತು. ಬೇಕೇ ಬೇಕು ಅಂದರೆ ಮೇಲ್ಮನವಿ ಬರೆ. ಕಣ್ಣೀರಿನ ಮಾತು ಬೇಡ, ನಮ್ಮಲ್ಲಿ ಅದನ್ನು ಯಾರೂ ಓದುವುದಿಲ್ಲ. ಈ ಪರೀಕ್ಷೆಯ ಮೇಲೆ ನಮ್ಮ ಕುಟುಂಬಕ್ಕೆ ಪೂರ್ಣ ವಿಶ್ವಾಸವಿದೆ, ಚಿಕಿತ್ಸೆಯನ್ನು ಇದರ ಫಲಿತಾಂಶದಂತೆಯೇ ನಡೆಸುವುದು ನ್ಯಾಯ ಅಂತ ಬರೆ. ಪ್ರೀತಂ ಸಹಿಯೂ ಇರಲಿ. ನೀನು ಕನ್ನಡದ ಟೀಚರ್, ಹೇಗೆ ಬರೆಯಬೇಕು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಫೈಲನ್ನು ಮುಂದಕ್ಕೆ ತಳ್ಳುವ ಕೆಲಸ ನನ್ನದು.

ಇನ್ನು ಮುಂದೆ ಮನೆಯ ವಿಳಾಸಕ್ಕೆ ಬರೆ. ಆಫೀಸಿಗೆ ಬೇಡ.

ದೀಪಶ್ರೀ


ಹಲಗೂರು
20 ಆಗಸ್ಟ್ 2023

ದೀಪು,

ಪರೀಕ್ಷೆಗೆ ಒಪ್ಪಿಗೆ ಬಂದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ ಅತ್ತುಬಿಟ್ಟೆ. ಹೊಳಲಿಗೆ ಹೋಗಿ ಹೇಳಿದರೆ ಅಪ್ಪ, "ಆ ಮಗೀಗೆ ಏನಾರ ಕೊಡ್ಬೇಕು ಕಣವ್ವ" ಅಂತ ಮರ ಹತ್ತಿಸಿ ಎಳನೀರು ಇಳಿಸಿಯೇಬಿಟ್ಟರು. ಅವರನ್ನು ತಡೆದಿದ್ದೇನೆ. ನಿಮ್ಮ ಮನೆಯವರಿಗೆ ಏನನ್ನಿಸುತ್ತದೋ ಗೊತ್ತಿಲ್ಲವಲ್ಲ.

ಇಷ್ಟೆಲ್ಲ ಮಾಡಿ ಬಂದ ವರದಿ ಏನು ಗೊತ್ತಾ? ಡಾಕ್ಟರು ಕೊಡಬೇಕು ಅಂತಿರುವ ಔಷಧಗಳೇ ಇವನಿಗೆ ಹಿಡಿಯುವುದಿಲ್ಲವಂತೆ. ಒಳ್ಳೆಯ ದಪ್ಪ ಹಾಳೆ, ಹಸಿರು ಕೆಂಪು ಪಟ್ಟಿಗಳು. ಅವತ್ತೇ ಮೈಸೂರಿಗೆ ತೆಗೆದುಕೊಂಡು ಹೋದೆ. ಡಾಕ್ಟರ್ ಮಧುಕರ ತಿರುಗಿಸಿ ನೋಡಿ, "ಬಣ್ಣ ಚೆನ್ನಾಗಿದೆ, ಯಾರಾದ್ರೂ ಮಕ್ಕಳಿಗೆ ಕೊಡಿ" ಅಂದರು. ಮೊದಲನೇ ಸುತ್ತನ್ನು ಅದೇ ಔಷಧದಲ್ಲಿ ಕೊಟ್ಟರು. ಅವರ ಮೇಲೆ ಜಗಳಕ್ಕೆ ಹೋದೆ ನಾನು. ಆಸ್ಪತ್ರೆ ಬದಲಾಯಿಸುತ್ತೇನೆ ಅಂತಲೂ ಅಂದೆ.

ಈಗ ಹೇಳುತ್ತೇನೆ ಕೇಳು. ಗಂಟು ಅರ್ಧ ಇಳಿದಿದೆ! ಕತ್ತು ಎರಡು ಕಡೆಗೂ ತಿರುಗುತ್ತದೆ. ಮೊನ್ನೆ ಕನ್ನಡಿ ಮುಂದೆ ತಾನೇ ನಿಂತು ಶೇವ್ ಮಾಡಿಕೊಂಡ. ಸ್ಪಂದನಾ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು, ಇವನು "ಯಾಕಮ್ಮಿ, ಕುಯ್ಕತೀನಿ ಅಂತ ಎದರ್ಕಂಡ್ಯಾ?" ಅಂತ ರೇಗಿಸುತ್ತಿದ್ದ.

ನೀನು ಮೊದಲೇ ಹೇಳಿದ್ದೆ, ನಾಣ್ಯ ಚಿಮ್ಮಿದ ಹಾಗೆ ಅಂತ. ನಾನೇ ಪೆದ್ದಿ. ಆದರೂ ನಿನ್ನಿಂದ ಆದ ಉಪಕಾರ ದೊಡ್ಡದು. ಇಷ್ಟು ವರ್ಷದ ಮೇಲೆ ನಿನಗೊಂದು ಕಾಗದ ಬರೆಯುವ ನೆವವಾದರೂ ಸಿಕ್ಕಿತಲ್ಲ.

ನಿನ್ನ ಆಶಾ


ಮಂಡ್ಯ ಶಾಖೆ
14 ಸೆಪ್ಟೆಂಬರ್ 2023

ಶ್ರೀ ಪ್ರೀತಂ ಎಚ್., ಹೊಳಲು ಇವರಿಗೆ

ಮಾನ್ಯರೆ,

ತಮ್ಮ ಎರಡನೇ ಮತ್ತು ನಂತರದ ಸುತ್ತಿನ ಚಿಕಿತ್ಸೆಗೆ ಸಲ್ಲಿಸಿರುವ ಕೋರಿಕೆಯನ್ನು ಪರಿಶೀಲಿಸಲಾಯಿತು. ಸದರಿ ಔಷಧಗಳು ತಮ್ಮ ಕಾಯಿಲೆಗೆ ಪ್ರಯೋಜನಕಾರಿಯಲ್ಲವೆಂದು, ತಾವೇ ಕೋರಿ ಪಡೆದ ಪ್ರಯೋಗಾಲಯ ವರದಿಯಿಂದ ತಿಳಿದುಬರುತ್ತದೆ. ಪ್ರಯೋಜನವಿಲ್ಲದ ಚಿಕಿತ್ಸೆಗೆ ಪಾಲಿಸಿಯಲ್ಲಿ ಅವಕಾಶವಿರುವುದಿಲ್ಲ. ಸದರಿ ಪರೀಕ್ಷೆಯ ಮೇಲೆ ಪೂರ್ಣ ವಿಶ್ವಾಸವಿರುವುದಾಗಿಯೂ, ಚಿಕಿತ್ಸೆಯನ್ನು ಅದರ ಫಲಿತಾಂಶದಂತೆಯೇ ನಡೆಸುವುದು ನ್ಯಾಯವೆಂದೂ ತಾವು ಸಹಿ ಮಾಡಿರುವ ಮೇಲ್ಮನವಿಯ ಪ್ರತಿಯನ್ನು ತಮ್ಮ ಅವಗಾಹನೆಗೆ ಲಗತ್ತಿಸಿದೆ. ಕೋರಿಕೆಯನ್ನು ತಿರಸ್ಕರಿಸಲಾಗಿದೆ.

ತಾವು ಶೀಘ್ರ ಗುಣಮುಖರಾಗಲೆಂದು ಹಾರೈಸುತ್ತೇವೆ.

ದೀಪಶ್ರೀ ಕೆ.
ಉಪ ವ್ಯವಸ್ಥಾಪಕರು, ಕ್ಲೇಮು ವಿಭಾಗ


ಹಲಗೂರು
18 ಸೆಪ್ಟೆಂಬರ್ 2023

ದೀಪಶ್ರೀ,

ಸಹಿ ನಿನ್ನದೇನಾ? ಇನ್ಯಾರಾದರೂ ನಿನ್ನ ಹೆಸರಿನಲ್ಲಿ ಹಾಕಿದ್ದಾರಾ? ಮೊದಲು ಅದನ್ನು ಹೇಳು.

ಜೂನ್‌ನಲ್ಲಿ ಸಾಬೀತಾಗದ್ದು ಅಂತ ತಳ್ಳಿಹಾಕಿದ ಪರೀಕ್ಷೆ ಸೆಪ್ಟೆಂಬರಿಗೆ ಸಾಬೀತಾಗಿಬಿಟ್ಟಿತಾ? ನಡುವೆ ಏನಾಯಿತು? ಗಂಟು ಇಳಿದಿದೆ. ಡಾಕ್ಟರ್ ಮಧುಕರ ಸ್ಕ್ಯಾನ್ ಹಾಕಿ ಬರೆದುಕೊಟ್ಟಿದ್ದಾರೆ. ಕಣ್ಣಿಗೆ ಕಾಣುವುದನ್ನು ಬಿಟ್ಟು ಆ ಬಣ್ಣದ ಹಾಳೆ ನೋಡುತ್ತೀರಾ? ಪ್ರೀತಂ ಏನಂದ ಗೊತ್ತಾ? "ಆ ಪೇಪರ್ ಸುಳ್ಳು ಅಂತ ನನ್ ಕತ್ತೇ ಯೋಳ್ತಾ ಅದಲ್ಲಕ್ಕ. ಕತ್ತನ್ನೇ ಕಳ್ಸನ ಬುಡು ಅವ್ರಿಗೆ." ಹೇಳಿ ನಕ್ಕ. ಮನೆಯಲ್ಲಿ ಬೇರೆ ಯಾರೂ ನಗಲಿಲ್ಲ.

ವಿಮಾ ಲೋಕಪಾಲರಿಗೆ ದೂರು ಬರೆಯುತ್ತಿದ್ದೇನೆ. ಈ ಪರೀಕ್ಷೆಯನ್ನು ನಂಬಬಾರದು ಅಂತ ಬರೆಯಬೇಕು. ನಂಬಬೇಕು ಅಂತ ಬರೆದದ್ದೂ ನಾನೇ. ಕೂತರೆ ಕೈ ಓಡುವುದಿಲ್ಲ, ದೀಪು. ವಿಚಾರಣೆಗೆ ತಿಂಗಳುಗಟ್ಟಲೆ ಆಗುತ್ತದಂತೆ. ಡಾಕ್ಟರು ಒಂದು ವಾರ ತಡವಾದರೂ ಕಷ್ಟ ಅನ್ನುತ್ತಿದ್ದಾರೆ.

ನೀನು ಒಂದು ಸಾಲು ಬರೆದುಕೊಡು ಸಾಕು. ನಮ್ಮ ಕಂಪನಿಯ ಡಾಕ್ಟರುಗಳೇ ಈ ಪರೀಕ್ಷೆಯನ್ನು ನಂಬುವುದಿಲ್ಲ ಅಂತ. ನನಗೆ ಹೇಳಿದ್ದನ್ನೇ ಅವರಿಗೂ ಹೇಳು. ನಿನ್ನ ಜೂನ್ ಕಾಗದವನ್ನು ನಾನೇ ಕಳಿಸಬಹುದು, ಆದರೆ ನಿನ್ನನ್ನು ಕೇಳದೆ ಕಳಿಸುವುದಿಲ್ಲ. ನಾನು ಅಂಥವಳಲ್ಲ.

ಬೇಗ ಬರೆ.

ಆಶಾ


ಮಂಡ್ಯ
5 ಅಕ್ಟೋಬರ್ 2023

ಆಶಾ,

ಸಹಿ ನನ್ನದೇ. ಅದು ನನ್ನ ಕೆಲಸ.

ಜೂನ್ ಕಾಗದ ಕಳಿಸಿದರೆ ನನ್ನ ಕೆಲಸ ಹೋಗುತ್ತದೆ, ನಿನ್ನ ತಮ್ಮನಿಗೆ ಇಂಜೆಕ್ಷನ್ ಬರುವುದಿಲ್ಲ. ಅದು ನನ್ನ ಸ್ವಂತ ಮಾತು, ಕಂಪನಿಯದಲ್ಲ. ಕಳಿಸುವುದಿಲ್ಲ ಅಂತ ನೀನೇ ಬರೆದಿದ್ದೀಯ, ಆ ಮಾತು ಉಳಿಸಿಕೋ.

ನಡುವೆ ಏನಾಯಿತು ಅಂತ ಕೇಳಿದೆ. ನಿನ್ನ ಮೇಲ್ಮನವಿ ಬೆಂಗಳೂರಿನ ಮುಖ್ಯ ಕಚೇರಿಯ ತನಕ ಹೋಯಿತು. ಅಷ್ಟು ಚೆನ್ನಾಗಿದೆ ಅಂತ ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿದರು. ಆಮೇಲೆ ಯಾರೋ ಒಬ್ಬರು, ಜನರೇ ಇಷ್ಟು ಕೇಳುತ್ತಿರುವಾಗ ನಾವೇಕೆ ಕೊಡಬಾರದು ಅಂದರು. ಪರೀಕ್ಷೆಯ ಖರ್ಚು ಒಂದೇ ಸಲದ್ದು. ಔಷಧ ಹಿಡಿಯುವುದಿಲ್ಲ ಅಂತ ಬಂದರೆ ತಿಂಗಳುಗಟ್ಟಲೆ ಅದನ್ನು ಕೊಡುವ ಜವಾಬ್ದಾರಿ ತಪ್ಪುತ್ತದೆ. ಈಗ ಇಂಥ ಕಾಯಿಲೆಯ ಕ್ಲೇಮು ಯಾರದೇ ಬರಲಿ, ಮೊದಲು ಆ ಪರೀಕ್ಷೆ ಮಾಡಿಸಿ ಅನ್ನುತ್ತೇವೆ. ಜನ ಸಂತೋಷದಿಂದ ಮಾಡಿಸಿಕೊಳ್ಳುತ್ತಾರೆ. ಈ ಫೈಲನ್ನು ಮುಂದೆ ತಂದವಳು ಅಂತ ನನಗೆ ಬಡ್ತಿಯೂ ಆಯಿತು. ಇದನ್ನು ನೀನು ಬೇರೆಯವರಿಂದ ಕೇಳುವುದು ಬೇಡ ಅಂತ ನಾನೇ ಹೇಳುತ್ತಿದ್ದೇನೆ.

ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಮುಂಚೆ ಒಂದು ವಿಷಯ ಯೋಚಿಸು. ಡಾಕ್ಟರು ಬೇಡ ಅಂದರು. ನಾನೂ ಬೇಡ ಅಂದೆ. ಬೇಕು ಅಂದವಳು ನೀನು.

ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಔಷಧ ಸಿಗುತ್ತದೆ. ಸಾಲು ಉದ್ದ, ಬೇಗ ಹೋಗಿ ನಿಲ್ಲಿ.

ದೀಪಶ್ರೀ


ಹೊಳಲು
20 ಜನವರಿ 2024

ದೀಪಶ್ರೀ,

ಪ್ರೀತಂ ಹೋದ. ಸಂಕ್ರಾಂತಿಯ ಹಿಂದಿನ ದಿನ.

ಸಾಲಿನಲ್ಲಿ ನಿಂತೆವು, ನೀನು ಹೇಳಿದ ಹಾಗೆಯೇ. ಕಂಪನಿಯ ವಿಮೆ ಇದ್ದವರಿಗೆ ಸರ್ಕಾರದ ಕಾರ್ಡು ಸಿಗುವುದಿಲ್ಲ ಅಂದರು. ಸಿಗುತ್ತದೆ ಅಂತ ಗೊತ್ತಾಗುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಅಷ್ಟರಲ್ಲಿ ಗಂಟು ತಿರುಗಿ ಬಂದಿತ್ತು, ಈ ಸಲ ಕಂಕುಳಲ್ಲೂ ಎದೆಯೊಳಗೂ. ಒಂದು ಸಲ ಅರ್ಧಕ್ಕೆ ಬಿಟ್ಟ ಮೇಲೆ ಅದೇ ಔಷಧ ಮೊದಲಿನ ಹಾಗೆ ಕೆಲಸ ಮಾಡಲಿಲ್ಲ. ಕೊನೆಯ ವಾರ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇರುತ್ತಿದ್ದ. "ಮಲಿಕತೀನಿ ಕಣಕ್ಕ, ಒಂದ್ ಗಳಿಗೆ ಮಲಿಕತೀನಿ" ಅಂತಿದ್ದ. ನಾನು ಮಲಗಿಸಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಾನು ಅಳುತ್ತಾ ಕೂತಿದ್ದೆ. ಸ್ಪಂದನಾ ಬಂದು ಎದುರಿಗೆ ನಿಂತಳು. ಮನೆ ತುಂಬ ಜನ. "ಅಳಬ್ಯಾಡಿ ಅತ್ಗೆ" ಅಂದಳು. "ಇನ್ನೊಂದು ಕಾಗ್ದ ಬರೀರಿ. ಚೆನ್ನಾಗ್ ಬರೀತೀರಲ್ಲ." ಅಷ್ಟೇ ಅಂದದ್ದು. ಅಮ್ಮ ಕೇಳಿಸಿಕೊಂಡೂ ಅವಳನ್ನು ಬಯ್ಯಲಿಲ್ಲ. ಇವತ್ತಿನವರೆಗೂ ನಾನು ಬಡಿಸಿದರೆ ಅಮ್ಮ ಊಟ ಮಾಡುತ್ತಿಲ್ಲ.

ಲೋಕಪಾಲರ ಕಚೇರಿಯಿಂದ ನಿನ್ನೆ ಬಂತು, ವಿಚಾರಣೆ ಮಾರ್ಚ್‌ನಲ್ಲಿ ಇಟ್ಟಿದ್ದಾರೆ.

ತಿಥಿಗೆ ನಿನ್ನನ್ನು ಕರೆಯಬೇಕು ಅಂತ ಅಪ್ಪ ಹೇಳಿದರು. ನಿನ್ನ ಸಹಿಯ ವಿಷಯ ಅಪ್ಪನಿಗೆ ಏನೂ ಗೊತ್ತಿಲ್ಲ. ನೀನು ಸಹಾಯ ಮಾಡಿದವಳು ಅಂತಲೇ ಅವರ ಲೆಕ್ಕ. ಕರೆದಿದ್ದೇನೆ ಅಂತ ಸುಳ್ಳು ಹೇಳಿದ್ದೇನೆ. ಬರಬೇಡ. ಬಂದರೆ ಗೇಟಿನ ಆಚೆಯೇ ನಿಲ್ಲಿಸುತ್ತೇನೆ.

ಆಶಾರಾಣಿ


ಒಳಲು
27 ಪೆಬ್ರವರಿ 2024

ಮಗ ದೀಪಶ್ರೀಗೆ ಉಚ್ಚೀರಯ್ಯ ಮಾಡೋ ಆಸೀರ್ವಾದ.

ನಾನು ಆಶನ ಅಪ್ಪ. ನಾನು ಓದಿರದು ಏಳ್ನೇ ಕ್ಲಾಸು, ತಪ್ಪಿದ್ರೆ ಒಟ್ಟೆಗಾಕ್ಕೊ. ಈ ಕಾಗ್ದ ಬರ್ದಿರದು ಆಶಂಗೆ ಗೊತ್ತಿಲ್ಲ.

ಮೊನ್ನೆ ಮೈಸೂರಾಸ್ಪತ್ರೆಗೆ ಓಗಿದ್ದೆ. ಪ್ರೀತಂದು ಪ್ಯಾಕ್ಟ್ರಿಯಿಂದ ಬರೋ ದುಡ್ಡಿಗೆ ಅಲ್ಲಿಯ ಸೀಲ್ ಬೇಕಿತ್ತು. ಇಂಜೆಕ್ಸನ್ ಆಕೋ ರೂಮ್ನಲ್ಲಿ ನಿಮ್ಮಪ್ಪಾರು ಕಸ್ತೂರಿರಂಗಯ್ಯನೋರು ಕುಂತಿದ್ರು. ತಲೆ ಮ್ಯಾಲೆ ಕೂದ್ಲಿಲ್ದೆ ಮೊದ್ಲು ಗುರ್ತು ಸಿಕ್ನಿಲ್ಲ. ದನಿ ಕೇಳಿ ಅಯ್ನೋರಲ್ವಾ ಅಂದೆ. ನೀನು ಔಸ್ದಿ ತರಕೆ ಕೆಳಕ್ಕೋಗಿದ್ಯಂತೆ. ಅವ್ರಿಗೆ ಒಂದ ಮಾಡಕೆ ಓಗ್ಬೇಕಿತ್ತು, ನರ್ಸಮ್ಮಂಗೆ ಬಿಡುವಿರ್ನಿಲ್ಲ. ಮುಟ್ಬೋದಾ ಅಯ್ನೋರೆ ಅಂದೆ. ಬಾರಯ್ಯ ಬೀಳ್ತೀನಿ ಅಂದ್ರು. ರಟ್ಟೆ ಇಡ್ಕಂಡು, ಆ ಬಾಟ್ಲಿ ಕಂಬ ತಳ್ಕಂಡು, ಕರ್ಕಂಡೋಗಿ ಕರ್ಕಬಂದು ಕೂರ್ಸ್ದೆ. ನನ್ ಕೈ ಬುಡ್ನೇ ಇಲ್ಲ ಅವ್ರು.

ಬಾಟ್ಲಿ ನೋಡುದ್ರೆ ಅದೇ ಕೆಂಪು ನೀರು ಕಣವ್ವ. ನಮ್ಮ ಪ್ರೀತಂಗೆ ಮೊದ್ಲು ಆಕುದ್ರಲ್ಲ, ಗಂಟು ಇಳೀತಲ್ಲ, ಅದೇಯ. ಬಾರಿ ಒಳ್ಳೇ ಔಸ್ದಿ ಅಯ್ನೋರೆ, ಎದರ್ಕಬ್ಯಾಡಿ, ನನ್ ಮಗುಂಗೂ ಇದೇ ಆಕಿದ್ದು ಅಂತ ಧೈರ್ಯ ಯೋಳ್ದೆ. ನಿನ್ನ ಮಗ ಈಗ ಹೇಗಿದ್ದಾನೆ ಅಂದ್ರು. ಚೆನ್ನಾಗವ್ನೆ ಅಂದೆ. ಸೂಜಿ ಚುಚ್ಚುಸ್ಕಂಡು ಕುಂತಿರೋರ ಮುಂದೆ ಇನ್ನೇನ್ ಯೋಳನವ್ವ. ಅವ್ರೇ ನಿಮ್ಮನೆ ಇಳಾಸ ಕೊಟ್ರು.

ಈಗ ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕಬ್ಯಾಡ. ನೀನು ನಮ್ಮುಡುಗುಂಗೆ ಮಾಡ್ಸಿಕೊಟ್ಯಲ್ಲ ಆ ಪರೀಕ್ಸೆ, ಅಯ್ನೋರ್ಗೂ ಮಾಡ್ಸಿದ್ಯಾ? ಅದ್ರಲ್ಲಿ ಏನ್ ಬಂತು? ಅಯ್ನೋರ್ಗೆ ಈ ಔಸ್ದಿ ಇಡೀತದೆ ಅಂತ ಬಂದಿದ್ರೆ, ಆ ಪರೀಕ್ಸೆ ದಿಟ ಅಂತಾಯ್ತು. ನಮ್ಮುಡುಗುಂಗೆ ಇಡಿಯಕಿಲ್ಲ ಅಂದಿದ್ದೂ ದಿಟ ಅಂತಾಯ್ತು. ಅಂಗಾದ್ರೆ ಅವ್ನ ಅಣೇಲಿ ಬರ್ದಿದ್ದೇ ಅಷ್ಟು, ಯಾರ್ ಏನ್ ಮಾಡುದ್ರೂ ಉಳೀತಿರ್ನಿಲ್ಲ. ಮನೇಲಿ ಇವ್ರು ಆಶನ್ನ ಸಾಯಿಸ್ತಾವ್ರೆ, ನೀನೇ ಕೊಂದೆ ಅಂತ. ಅವ್ರಿಗೆ ಯೋಳಕೆ ನಂಗೊಂದು ಮಾತು ಬೇಕು.

ಅಯ್ನೋರ್ನ ಉಸಾರಾಗಿ ನೋಡ್ಕೊ.

ಉಚ್ಚೀರಯ್ಯ


ಮಂಡ್ಯ
6 ಮಾರ್ಚ್ 2024

ಪೂಜ್ಯ ಹುಚ್ಚೀರಯ್ಯನವರಿಗೆ ನಮಸ್ಕಾರ.

ನಿಮ್ಮ ಕಾಗದ ಸೇರಿತು. ಅಪ್ಪನಿಗೆ ನೀವು ಮಾಡಿದ ಸಹಾಯಕ್ಕೆ ಋಣಿ. ಪ್ರೀತಂ ಹೋದ ಸುದ್ದಿ ಅಪ್ಪನಿಗೆ ನಾನೂ ಹೇಳಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಹೌದು, ಅಪ್ಪನಿಗೂ ಆ ಪರೀಕ್ಷೆ ಮಾಡಿಸಿದೆವು. ಔಷಧ ಹಿಡಿಯುತ್ತದೆ ಅಂತಲೇ ಬಂತು. ಪ್ರೀತಂ ವಿಷಯದಲ್ಲಿ ಯಾರ ತಪ್ಪೂ ಇಲ್ಲ. ಆಶಾಳ ತಪ್ಪಂತೂ ಇಲ್ಲ. ಮನೆಯವರಿಗೆ ಹೇಳಿ.

ದೀಪಶ್ರೀ


ಹಲಗೂರು
12 ಮಾರ್ಚ್ 2024

ದೀಪಶ್ರೀ,

ನಿನ್ನ ಕಾಗದವನ್ನು ಅಪ್ಪ ನಮ್ಮೆಲ್ಲರನ್ನೂ ನಡುಮನೆಯಲ್ಲಿ ಕೂರಿಸಿಕೊಂಡು ಓದಿದರು. ಒಂದೊಂದೇ ಅಕ್ಷರ ಕೂಡಿಸಿಕೊಂಡು. ಮುಗಿಸಿ, "ಕೇಳುಸ್ಕಂಡ್ರಾ? ಅವ್ನ ಅಣೇಬರ. ಇನ್ನು ನನ್ ಮಗಳನ್ನ ಯಾರಾದ್ರೂ ಏನಾದ್ರೂ ಅಂದ್ರೆ ಸುಮ್ಕಿರಕಿಲ್ಲ" ಅಂದರು. ಸ್ಪಂದನಾ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಒಂದು ಲೋಟ ಕಾಫಿ ತಂದು ನನ್ನ ಮುಂದೆ ಇಟ್ಟಳು. ಅಮ್ಮ ನನ್ನ ತಲೆ ನೇವರಿಸಿದರು. ಅಷ್ಟು ದಿನದ ಮೇಲೆ.

ಆ ಕಾಫಿ ಕುಡಿದೆ. ಹೇಳಬಾರದು, ರುಚಿಯಾಗಿತ್ತು.

ನಿನ್ನೆ ಮೈಸೂರಿಗೆ ಹೋಗಿದ್ದೆ. ಡಾಕ್ಟರ್ ಮಧುಕರ ಬೇರೆ ರೋಗಿಯ ವಿಷಯ ಹೇಳುವುದಿಲ್ಲ ಅಂದರು. ಆದರೆ ಆ ಪರೀಕ್ಷೆಯ ಹೆಸರು ಎತ್ತಿದ ಕೂಡಲೇ, "ಕಂಪನಿಯವರು ತಮ್ಮ ಮನೆಯವರಿಗೆ ಅದನ್ನ ಮಾಡಿಸಿದ್ದು ನಾನಂತೂ ನೋಡಿಲ್ಲಮ್ಮ" ಅಂದು ಮುಖ ಆ ಕಡೆ ತಿರುಗಿಸಿಕೊಂಡರು.

ಅಪ್ಪನಿಗೆ ಹೇಳುವುದಿಲ್ಲ. ನನಗೆ ಮಾತ್ರ ಹೇಳು. ನಿಮ್ಮ ತಂದೆಗೆ ಆ ಪರೀಕ್ಷೆ ಮಾಡಿಸಿದ್ದೆಯಾ?

ಆಶಾ


ಮಂಡ್ಯ
19 ಮಾರ್ಚ್ 2024

ಆಶಾ,

ಇಲ್ಲ. ಸಿಬ್ಬಂದಿಯ ಮನೆಯವರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಮಾಡಿಸುವ ಯೋಚನೆಯೇ ಬರಲಿಲ್ಲ.

ನಿಮ್ಮ ಮನೆಯಲ್ಲಿ ಹೇಳುವುದಾದರೆ ಹೇಳು. ಮತ್ತೆ ಎಲ್ಲರೂ ನಿನ್ನ ಮುಖವನ್ನೇ ನೋಡುತ್ತಾರೆ, ನನ್ನದನ್ನಲ್ಲ.

ದೀಪಶ್ರೀ